ಕಿಸೆ ಚಾಕು ಕೊಳ್ಳುವ ಮುಂಚೆ: ಈ ಗ್ರಾಂ, ಉಕ್ಕು, ಲಾಕ್ ಅಂದರೆ ಏನು?

ಕಲಬುರಗಿಯ ನೆಹರು ಗಂಜ್‌ನಲ್ಲಿ ನನ್ನ ಅಳಿಯನದೊಂದು ಸಣ್ಣ ಅಂಗಡಿ ಇದೆ. ಬೀಜ, ಗೊಬ್ಬರ, ಡ್ರಿಪ್ ಪೈಪು ಮಾರುತ್ತಾನೆ. ದಿನವಿಡೀ ಏನಾದರೊಂದು ಕತ್ತರಿಸುತ್ತಲೇ ಇರಬೇಕು. ಚೀಲದ ಸುತಳಿ, ಪಾರ್ಸೆಲ್ ಟೇಪು, ಪೈಪಿನ ತುದಿ, ಮಧ್ಯಾಹ್ನ ರೊಟ್ಟಿ ಬುತ್ತಿ ಬಿಚ್ಚಿದಾಗ ಒಂದು ಉಳ್ಳಾಗಡ್ಡಿ. ಇಷ್ಟು ದಿನ ಇದಕ್ಕೆಲ್ಲ ಅವನ ಹತ್ತಿರ ಇದ್ದದ್ದು ಎರಡೇ ಹತ್ಯಾರ: ಗಾಡಿಯ ಕೀಲಿ, ಮತ್ತೆ ಹಲ್ಲು.

ಮೊನ್ನೆ ಫೋನು ಹಿಡಿದುಕೊಂಡು ಮನೆಗೆ ಬಂದ. ಪರದೆ ತುಂಬಾ ಮಡಚುವ ಚಾಕುಗಳು. ಒಂದರ ಕೆಳಗೆ ಬರೆದಿತ್ತು: 95 ಗ್ರಾಂ, ಡಿ2 ಸ್ಟೀಲ್, 59 ಎಚ್‌ಆರ್‌ಸಿ, ಲೈನರ್ ಲಾಕ್, ಜಿ10 ಹಿಡಿ.

"ಮಾಮಾ, ಇದ್ರಾಗ ಒಂದಕ್ಷರ ತಿಳಿವಲ್ದು. ಯಾವ್ದು ಛಲೋ ಅದ ನೋಡಿ ಹೇಳ್ರಿ."

"ಮೊದಲ ನೀ ಏನ್ ಕೊಯ್ತಿ ಅದನ್ನ ಹೇಳು," ಅಂದೆ.

ಹಿಂದೆ ಈ ತಲೆನೋವು ಇರಲಿಲ್ಲ. ಜಾತ್ರೆ ಅಂಗಡಿಯಲ್ಲಿ ನಾಲ್ಕು ಚಾಕು ಹರಡಿರುತ್ತಿದ್ದವು, ಹರಿತ ಕಂಡದ್ದನ್ನು ಕಿಸೆಗೆ ಹಾಕಿಕೊಂಡು ಬರುತ್ತಿದ್ದೆವು. ಈಗ ಫೋನಿನಲ್ಲಿ ನೂರೆಂಟು ಬಗೆ, ಪ್ರತಿಯೊಂದರ ಹಿಂದೆ ಹತ್ತು ಅಂಕಿ. ಆ ಅಂಕಿಗಳಲ್ಲಿ ಕೆಲವು ನಿಜಕ್ಕೂ ಮುಖ್ಯ. ಕೆಲವು ಸುಮ್ನೆ ಅಲಂಕಾರಕ್ಕೆ. ಯಾವುದು ಯಾವುದು ಅಂತ ಒಂದೊಂದಾಗಿ ನೋಡೋಣ.

ಮೊದಲು ಭಾಗಗಳ ಹೆಸರು

ಕೊಯ್ಯುವ ಉಕ್ಕಿನ ತುಂಡು ಅಲಗು. ಅದರ ಹರಿತ ಬದಿ ಅಂಚು, ಎದುರು ಬದಿ ಬೆನ್ನು. ಕೈಯಲ್ಲಿ ಹಿಡಿಯುವುದು ಹಿಡಿ. ಅಲಗು ತಿರುಗುವ ಜಾಗ ಕೀಲು. ತೆರೆದ ಅಲಗು ತಾನಾಗಿ ಮಡಚದಂತೆ ತಡೆಯುವುದು ಲಾಕ್. ಇಷ್ಟು ಗೊತ್ತಿದ್ದರೆ ಮುಂದಿನದೆಲ್ಲ ಸಲೀಸು.

ಹಗುರ ಅಂದರೆ ಎಷ್ಟು?

ಕೆಲವು ವರ್ಷಗಳ ಹಿಂದೆ ನಾನೂ ಒಂದು ಚಾಕು ಕೊಂಡಿದ್ದೆ. ಪೂರ್ತಿ ಸ್ಟೀಲಿನ ಹಿಡಿ, ನೋಡೋಕೆ ಭಾರಿ ಚೆಂದ. ಮನೆಗೆ ತಂದು ತಕ್ಕಡಿಗೆ ಹಾಕಿದರೆ 180 ಗ್ರಾಂ. ಜುಬ್ಬಾದ ಕಿಸೆಯಲ್ಲಿ ಹಾಕಿಕೊಂಡು ನಡೆದರೆ ಹೆಜ್ಜೆ ಹೆಜ್ಜೆಗೂ ತೊಡೆಗೆ ಬಡಿಯುತ್ತಿತ್ತು. ಹತ್ತು ದಿನಕ್ಕೆ ಅದು ಮೇಜಿನ ಖಾನೆ ಸೇರಿತು. ಈಗಲೂ ಅಲ್ಲೇ ಇದೆ, ಅಂಚು ಹೊಸದರಂತೆಯೇ ಇದೆ. ಬಳಸಿದರೆ ತಾನೇ ಸವೆಯೋದು!

ಮಡಚುವ ಚಾಕುವಿನ ತೂಕ ಜಾಸ್ತಿ ಇರುವುದು ಅಲಗಿನಲ್ಲಿ ಅಂತ ತುಂಬಾ ಜನ ತಿಳಿದಿದ್ದಾರೆ. ನಿಜವಾದ ಭಾರ ಹಿಡಿಯಲ್ಲಿ. ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.8 ಗ್ರಾಂ ತೂಗುತ್ತದೆ. ಅಷ್ಟೇ ಟೈಟಾನಿಯಂ 4.5 ಗ್ರಾಂ, ಅಲ್ಯೂಮಿನಿಯಂ 2.7 ಗ್ರಾಂ. ಗಾಜಿನ ನಾರು ಬೆರೆಸಿದ ನೈಲಾನ್ 2 ಗ್ರಾಂ ಕೂಡ ಇಲ್ಲ. ಅಂದರೆ ಅಲಗು ಅದೇ ಇಟ್ಟುಕೊಂಡು ಹಿಡಿಯೊಂದನ್ನು ಬದಲಿಸಿದರೆ ಸಾಕು, ಚಾಕು ಅರ್ಧದಷ್ಟು ಹಗುರಾಗಬಹುದು. ಅಳಿಯ ತೋರಿಸಿದ ಜಿ10 ಅನ್ನುವುದೂ ಇಂಥದ್ದೇ. ಗಾಜಿನ ನಾರಿನ ಬಟ್ಟೆಯನ್ನು ರಾಳದಲ್ಲಿ ಅದ್ದಿ, ಪದರ ಪದರವಾಗಿ ಒತ್ತಿ ಮಾಡಿದ ಹಲಗೆ ಅದು. ಬೆವರಿನ ಕೈಗೂ ಜಾರುವುದಿಲ್ಲ. ಇನ್ನೊಂದು ಲಾಭ ನಮ್ಮ ಕಡೆಯವರಿಗೇ ಗೊತ್ತು. ಮೇ ತಿಂಗಳ ಬಿಸಿಲಿಗೆ ಗಾಡಿಯ ಡಿಕ್ಕಿಯಲ್ಲಿಟ್ಟ ಸ್ಟೀಲ್ ಹಿಡಿಯನ್ನು ಮುಟ್ಟಿ ನೋಡಿ, ಆಮೇಲೆ ಮಾತಾಡೋಣ.

ಅಳತೆಗೆ ಮೂರು ಚಾಕು ನೋಡಿ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್‌ನ 58 ಮಿಲಿಮೀಟರಿನ ಪುಟ್ಟ ಚಾಕು ಸುಮಾರು 21 ಗ್ರಾಂ. ಫ್ರಾನ್ಸಿನ ಒಪಿನೆಲ್ 8ನೇ ನಂಬರಿನದು, ಮರದ ಹಿಡಿಯದು, 8.5 ಸೆಂಟಿಮೀಟರ್ ಅಲಗು ಇದ್ದೂ ಸುಮಾರು 45 ಗ್ರಾಂ. ಅಮೆರಿಕದ ಬೆಂಚ್‌ಮೇಡ್ ಬಗ್‌ಔಟ್ ಸುಮಾರು 52 ಗ್ರಾಂ. ಹೆಚ್ಚು ಕಡಿಮೆ ಒಂದು ದೊಡ್ಡ ನಿಂಬೆಹಣ್ಣಿನಷ್ಟು. ಜುಬ್ಬಾ ಹಾಕುವವರು 60 ಗ್ರಾಂ ಒಳಗೇ ಇರಲಿ. ಪ್ಯಾಂಟಿನ ಕಿಸೆಗೆ 80 ಗ್ರಾಂವರೆಗೂ ನಡೆಯುತ್ತದೆ. 100 ದಾಟಿದ್ದು ಬಹಳ ದಿನ ಕಿಸೆಯಲ್ಲಿ ಉಳಿಯುವುದಿಲ್ಲ, ನನ್ನ ಅನುಭವ.

ಅಲಗಿನ ದಪ್ಪ: ಜಾಹೀರಾತಿನಲ್ಲಿ ಬರೆಯದ ಅಂಕಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಆದರೆ ಫೋನಿನ ಪುಟದಲ್ಲಿ ಇದು ಎಲ್ಲೋ ಕೆಳಗೆ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಕೆಲವು ಸಲ ಇರುವುದೇ ಇಲ್ಲ.

ಒಂದು ಪೇರಲ ಹಣ್ಣು ತಗೊಳ್ಳಿ, ಸ್ವಲ್ಪ ಗಟ್ಟಿ ಇರಲಿ. ಬೆನ್ನು 4 ಮಿಲಿಮೀಟರ್ ದಪ್ಪ ಇರುವ ಚಾಕುವಿನಲ್ಲಿ ಕೊಯ್ಯಿರಿ. ಮೊದಲು ಸಲೀಸಾಗಿ ಇಳಿಯುತ್ತದೆ. ಅರ್ಧಕ್ಕೆ ಬಂದಾಗ ಸಿಕ್ಕಿಕೊಳ್ಳುತ್ತದೆ. ಇನ್ನೂ ಒತ್ತಿದರೆ ಟಪ್ ಅಂತ ಹಣ್ಣು ಒಡೆದು ಎರಡಾಗುತ್ತದೆ. ನೋಡಿದರೆ ಕೊಯ್ದ ಭಾಗ ನುಣುಪು, ಉಳಿದದ್ದು ಒರಟು. ಅಂಚು ಎಷ್ಟೇ ಹರಿತ ಇರಲಿ, ಅದರ ಹಿಂದೆ ಬರುವ ದಪ್ಪ ಬೆನ್ನು ಕಟ್ಟಿಗೆ ಸೀಳುವ ಬೆಣೆಯಂತೆ ಕೆಲಸ ಮಾಡಿತು. ಅದೇ ಹಣ್ಣನ್ನು 2 ಮಿಲಿಮೀಟರ್ ಬೆನ್ನಿನ ಚಾಕುವಿನಲ್ಲಿ ಕೊಯ್ದರೆ ಕೊನೆವರೆಗೂ ನುಣುಪಾಗಿಯೇ ಇಳಿಯುತ್ತದೆ. ಒಪಿನೆಲ್ ಚಾಕು ಅಷ್ಟು ಚೆನ್ನಾಗಿ ಕೊಯ್ಯುವುದರ ಗುಟ್ಟೂ ಇದೇ. ಅದರ ಬೆನ್ನು 2 ಮಿಲಿಮೀಟರಿಗಿಂತ ಕಡಿಮೆ.

ಹಾಗಾದರೆ ದಪ್ಪ ಅಲಗು ಯಾಕೆ ಮಾಡುತ್ತಾರೆ? ಬೀದರ್‌ಗೆ ಹೋದಾಗ ಬಿದ್ರಿ ಕೆಲಸದವರ ಹತ್ತಿರ ಒಂದರ್ಧ ಗಂಟೆ ಕೂತು ನೋಡಿ. ಸತು ಜಾಸ್ತಿ, ತಾಮ್ರ ಸ್ವಲ್ಪ ಬೆರೆಸಿದ ಲೋಹದ ಮೇಲೆ ಸಣ್ಣ ಉಳಿಯಿಂದ ಹೂಬಳ್ಳಿ ಕೊರೆಯುತ್ತಾರೆ, ಆ ಗೀರಿನೊಳಗೆ ಬೆಳ್ಳಿ ತಂತಿ ಕೂರಿಸುತ್ತಾರೆ. ಆ ಉಳಿಯ ತುದಿ ಈಳಿಗೆಯಂತೆ ತೆಳ್ಳಗಿದ್ದರೆ ಮೊದಲ ಏಟಿಗೇ ಮುರಿದು ಹೋಗುತ್ತಿತ್ತು. ಲೋಹ ಕೊರೆಯಲು ತುದಿ ದಪ್ಪ ಇರಬೇಕು, ಬದನೆಕಾಯಿ ಹೆಚ್ಚಲು ತೆಳ್ಳಗಿರಬೇಕು. ಮೀಟಿ ತೆಗೆಯುವ, ಕುಟ್ಟುವ ಕೆಲಸಕ್ಕೆಂದು ಮಾಡಿದ ಚಾಕು ದಪ್ಪ ಇರುತ್ತದೆ. ಸುತಳಿ, ಟೇಪು, ಹಣ್ಣು ಕೊಯ್ಯುವವರಿಗೆ ಆ ದಪ್ಪ ಬರೀ ಹೊರೆ.

ಅಂಚಿನ ಕೋನವೂ ಇದೇ ಲೆಕ್ಕ. ಅಂಚಿನಲ್ಲಿ ಎರಡು ಬದಿಯ ಇಳಿಜಾರು ಕೂಡುತ್ತವಲ್ಲ, ಪ್ರತಿ ಬದಿಗೆ 15ರಿಂದ 20 ಡಿಗ್ರಿ ಇದ್ದರೆ ದಿನದ ಕೆಲಸಕ್ಕೆ ಸರಿ. ಕೋನ ಕಡಿಮೆ ಆದಷ್ಟೂ ಹರಿತ ಜಾಸ್ತಿ, ಆದರೆ ಅಂಚು ಬೇಗ ಸೊಟ್ಟಗಾಗುತ್ತದೆ.

ಇನ್ನು ಉದ್ದ. 6ರಿಂದ 8 ಸೆಂಟಿಮೀಟರ್ ಸಾಕು. ಕಲ್ಲಂಗಡಿ ಹೆರೆಯಲು ಮನೆಯಲ್ಲಿ ಬೇರೆ ಚಾಕು ಇದ್ದೇ ಇರುತ್ತದೆ.

ಉಕ್ಕಿನ ಹೆಸರು ಓದುವುದು ಹೇಗೆ?

ಉಕ್ಕು ಅಂದರೆ ಕಬ್ಬಿಣ ಮತ್ತು ಸ್ವಲ್ಪ ಇಂಗಾಲ. ಇಂಗಾಲ ಗಟ್ಟಿತನ ಕೊಡುತ್ತದೆ. ಬರೀ ಇಷ್ಟೇ ಇದ್ದರೆ ಅದು ಕಾರ್ಬನ್ ಸ್ಟೀಲ್, ನಮ್ಮ ಕುಡುಗೋಲಿನ ಥರ. ಚೆನ್ನಾಗಿ ಹರಿತ ಆಗುತ್ತದೆ, ಮನೆಯಲ್ಲೇ ಸುಲಭವಾಗಿ ಮಸೆಯಬಹುದು. ಆದರೆ ಮಾವಿನಕಾಯಿ ಕೊಯ್ದು ಒರೆಸದೆ ಇಟ್ಟರೆ ಕಪ್ಪಾಗುತ್ತದೆ, ತೇವ ತಾಗಿದರೆ ಜಂಗು ಹಿಡಿಯುತ್ತದೆ.

ಇದಕ್ಕೆ ಕ್ರೋಮಿಯಂ ಬೆರೆಸಿದರೆ ಸ್ಟೇನ್‌ಲೆಸ್. ಇಂಗ್ಲೆಂಡಿನ ಶೆಫೀಲ್ಡ್ ಊರಿನಲ್ಲಿ 1913ರಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತ ಮಾಡಿದ ಇಂಥ ಉಕ್ಕು ಚಾಕು ಚಮಚದ ಕಸುಬನ್ನೇ ಬದಲಿಸಿತು. ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಉಕ್ಕಿನ ಮೇಲೆ ಕಣ್ಣಿಗೆ ಕಾಣದ ತೆಳು ಪೊರೆ ಕಟ್ಟುತ್ತದೆ. ಗೀರು ಬಿದ್ದರೆ ಪೊರೆ ತಾನೇ ಮತ್ತೆ ಬೆಳೆಯುತ್ತದೆ. ಹೀಗಾಗಲು ಕನಿಷ್ಠ 10.5 ಶೇಕಡಾ ಕ್ರೋಮಿಯಂ ಬೇಕು. ಚಾಕುವಿನ ಉಕ್ಕಿನಲ್ಲಿ ಸಾಮಾನ್ಯವಾಗಿ 13 ಅಥವಾ ಅದಕ್ಕಿಂತ ಜಾಸ್ತಿ ಇರುತ್ತದೆ.

ಕಲಬುರಗಿ, ಯಾದಗಿರಿ ಕಡೆ ಗಾಳಿ ಒಣ, ಜಂಗಿನ ಚಿಂತೆ ಯಾಕೆ ಅನ್ನಬಹುದು. ಗೋಡೆಗೆ ನೇತು ಹಾಕಿದ ಕುಡುಗೋಲಿಗೆ ಆ ಮಾತು ಸರಿ. ಕಿಸೆ ಚಾಕು ಇರುವುದು ಮೈಗೆ ಅಂಟಿಕೊಂಡು. ಬೇಸಿಗೆಯ ಬೆವರಿನಲ್ಲಿ ಉಪ್ಪು ಇರುತ್ತದೆ, ಜಂಗಿಗೆ ಉಪ್ಪುನೀರಿಗಿಂತ ಒಳ್ಳೆ ನೆಂಟ ಇನ್ನೊಬ್ಬನಿಲ್ಲ. ಹಾಗಾಗಿ ಕಿಸೆಗೆ ಸ್ಟೇನ್‌ಲೆಸ್ಸೇ ವಾಸಿ.

ಈಗ ಆ ಒಗಟಿನಂಥ ಹೆಸರುಗಳು. ಚೀನಾದ ಉಕ್ಕಿನ ಹೆಸರು 3ಸಿಆರ್13 ಅಂತಿದ್ದರೆ ಇಂಗಾಲ ಸುಮಾರು 0.3 ಶೇಕಡಾ, ಕ್ರೋಮಿಯಂ ಸುಮಾರು 13 ಶೇಕಡಾ ಅಂತ ಓದಿಕೊಳ್ಳಿ. ಸಿಆರ್ ಅಂದರೆ ಕ್ರೋಮಿಯಂ. 8ಸಿಆರ್13ಎಂಒವಿ ಅಂದರೆ ಇಂಗಾಲ 0.8, ಕ್ರೋಮಿಯಂ 13, ಜೊತೆಗೆ ಚೂರು ಮಾಲಿಬ್ಡಿನಂ ಮತ್ತು ವೆನೇಡಿಯಂ. ಮೊದಲನೆಯದಕ್ಕೆ ಇಂಗಾಲ ಸಾಲದು, ಬೇಗ ಮೊಂಡಾಗುತ್ತದೆ. ಎರಡನೆಯದು ಕಡಿಮೆ ಬೆಲೆಯ ಚಾಕುಗಳಲ್ಲಿ ಒಳ್ಳೆಯದೇ. ಸ್ವೀಡನ್ನಿನ 12ಸಿ27 ಎಂಬುದರಲ್ಲಿ ಇಂಗಾಲ 0.6, ಕ್ರೋಮಿಯಂ 13.5ರ ಆಸುಪಾಸು. ಒಪಿನೆಲ್‌ನ ಸ್ಟೇನ್‌ಲೆಸ್ ಅಲಗು ಇದೇ ಉಕ್ಕಿನದು. ಅಳಿಯನ ಡಿ2ನಲ್ಲಿ ಇಂಗಾಲ ಸುಮಾರು 1.5, ಕ್ರೋಮಿಯಂ 12. ಅಂಚು ಬಹಳ ದಿನ ನಿಲ್ಲುತ್ತದೆ. ಆದರೆ ಅದರ ಕ್ರೋಮಿಯಂನಲ್ಲಿ ದೊಡ್ಡ ಪಾಲು ಇಂಗಾಲದ ಜೊತೆ ಕಟ್ಟಿಕೊಂಡು ಕೂತಿರುತ್ತದೆ, ಪೊರೆ ಕಟ್ಟಲು ಉಳಿಯುವುದು ಕಡಿಮೆ. ಹಾಗಾಗಿ ಅದು ಅರ್ಧ ಸ್ಟೇನ್‌ಲೆಸ್. ಮಸೆಯುವುದೂ ಕಷ್ಟ.

ಬರೀ "ಸ್ಟೇನ್‌ಲೆಸ್ ಸ್ಟೀಲ್" ಅಂತಷ್ಟೇ ಬರೆದು ಯಾವ ಉಕ್ಕು ಅಂತ ಹೇಳದಿದ್ದರೆ? ಹೇಳಿಕೊಳ್ಳುವಂಥದ್ದು ಏನೂ ಇಲ್ಲ ಅಂತಲೇ ಬಹಳ ಸಲ ಅರ್ಥ.

59 ಎಚ್‌ಆರ್‌ಸಿ ಮತ್ತು ಕಡಕ್ ರೊಟ್ಟಿ

ಎಚ್‌ಆರ್‌ಸಿ ಎಂಬುದು ಗಟ್ಟಿತನದ ಅಳತೆ. ಅಮೆರಿಕದ ರಾಕ್‌ವೆಲ್ ಎಂಬ ಮನೆತನದ ಹೆಸರಿನ ಇಬ್ಬರಿಗೆ 1919ರಲ್ಲಿ ಇದರ ಯಂತ್ರಕ್ಕೆ ಪೇಟೆಂಟ್ ಸಿಕ್ಕಿತು. ವಜ್ರದ ಮೊನೆಯನ್ನು 150 ಕೆಜಿ ಭಾರದಲ್ಲಿ ಉಕ್ಕಿಗೆ ಒತ್ತುತ್ತಾರೆ, ಎಷ್ಟು ಆಳ ಇಳಿಯಿತು ಅಂತ ನೋಡುತ್ತಾರೆ. ಕಡಿಮೆ ಇಳಿದರೆ ಅಂಕಿ ಜಾಸ್ತಿ. ವಿಕ್ಟೋರಿನಾಕ್ಸ್ ಅಲಗು 56ರ ಹತ್ತಿರ ಇರುತ್ತದೆ, ಒಳ್ಳೆ ಡಿ2 ಅಲಗು 60ರ ಹತ್ತಿರ.

ಜಾಸ್ತಿ ಇದ್ದಷ್ಟೂ ಒಳ್ಳೆಯದಾ? ಜೋಳದ ರೊಟ್ಟಿಯನ್ನೇ ನೋಡಿ. ಹಂಚಿನಿಂದ ಈಗ ತಾನೇ ಇಳಿದ ರೊಟ್ಟಿಯನ್ನು ನಾಲ್ಕು ಮಡಿಕೆ ಮಾಡಬಹುದು. ಅದನ್ನೇ ಒಣಗಿಸಿ ಕಡಕ್ ಮಾಡಿದ ಮೇಲೆ ಮಡಚಲು ಹೋದರೆ ಪಟ್ ಅಂತ ಮುರಿಯುತ್ತದೆ. ಉಕ್ಕೂ ಹಾಗೆಯೇ. ಮೆತ್ತಗಿದ್ದರೆ ಅಂಚು ಸೊಟ್ಟಗಾಗುತ್ತದೆ, ಸೊಟ್ಟಗಾದದ್ದನ್ನು ನಾಲ್ಕು ಸಲ ಕಲ್ಲಿಗೆ ಎಳೆದು ಸರಿ ಮಾಡಬಹುದು. ತೀರಾ ಗಟ್ಟಿಯಿದ್ದರೆ ಅಂಚು ಚಕ್ಕೆ ಏಳುತ್ತದೆ, ಆ ಚಕ್ಕೆ ಹೋಗುವಷ್ಟು ಉಕ್ಕನ್ನು ಸವೆಸಬೇಕು. 56ರಿಂದ 60 ಒಳ್ಳೆ ನಡುಹಾದಿ. ಇಷ್ಟಕ್ಕೂ ಒಂದೇ ಉಕ್ಕನ್ನು ಇಬ್ಬರು ಬೇರೆ ಬೇರೆ ಹದದಲ್ಲಿ ಕಾಯಿಸಿ ತಣಿಸಿದರೆ ಎರಡು ಬೇರೆ ಚಾಕುಗಳೇ ಆಗುತ್ತವೆ. ಒಂದೇ ಹಿಟ್ಟಿನಲ್ಲಿ ಅಕ್ಕ ಬಡಿದ ರೊಟ್ಟಿಯೇ ಬೇರೆ, ನಾನು ಬಡಿದ ರೊಟ್ಟಿಯೇ ಬೇರೆ.

ಲಾಕ್ ಬೇಕೇ ಬೇಕಾ?

ಕೊಯ್ಯುವಾಗ ಒತ್ತಡ ಅಂಚಿನ ಮೇಲೆ ಬೀಳುತ್ತದೆ. ಅದು ಅಲಗನ್ನು ಇನ್ನಷ್ಟು ತೆರೆಯುವ ಕಡೆಗೇ ತಳ್ಳುತ್ತದೆ. ಹಾಗಾಗಿ ಬರೀ ಕೊಯ್ಯುವುದಕ್ಕೆ ಲಾಕ್ ಬೇಕಿಲ್ಲ. ಆಪತ್ತು ಬರುವುದು ಮೊನೆಯಿಂದ ತೂತು ಕೊರೆಯುವಾಗ, ಅಥವಾ ಅಲಗಿನ ಬೆನ್ನು ಎಲ್ಲೋ ತಾಗಿದಾಗ. ಆಗ ಅಲಗು ಮಡಚಿ ಬೆರಳ ಮೇಲೇ ಬೀಳುತ್ತದೆ.

ಲಾಕ್ ಇಲ್ಲದ ಬಗೆಯಲ್ಲಿ ಹಿಡಿಯ ಬೆನ್ನಿನೊಳಗೆ ಒಂದು ಪಟ್ಟಿ ಸ್ಪ್ರಿಂಗ್ ಇರುತ್ತದೆ. ಅದು ಅಲಗನ್ನು ಒತ್ತಿ ಹಿಡಿಯುತ್ತದೆ ಅಷ್ಟೇ, ಜೋರು ಮಾಡಿದರೆ ಮಡಚುತ್ತದೆ. ವಿಕ್ಟೋರಿನಾಕ್ಸ್‌ನ ಸಣ್ಣ ಚಾಕುಗಳು ಹೀಗಿವೆ. ಒಪಿನೆಲ್‌ನಲ್ಲಿ ಹಿಡಿಯ ಕುತ್ತಿಗೆಗೆ ಒಂದು ಉಕ್ಕಿನ ಉಂಗುರ. ತಿರುಗಿಸಿದರೆ ಅಲಗು ಬಿಗಿ. 1955ರಲ್ಲಿ ಬಂದ ಉಪಾಯ, ಇವತ್ತಿಗೂ ಇದಕ್ಕಿಂತ ಸರಳವಾದದ್ದು ನಾನು ನೋಡಿಲ್ಲ. ಮರದ ಹಿಡಿ ಮಳೆಗಾಲದಲ್ಲಿ ಊದಿ ಅಲಗು ಸಿಕ್ಕಿಕೊಳ್ಳುತ್ತದೆ ಅನ್ನುವುದೊಂದು ಕಿರಿಕಿರಿ. ಹಿಡಿಯ ಹಿಂದಿನ ತುದಿಯನ್ನು ಮೇಜಿಗೆ ಮೆಲ್ಲಗೆ ಕುಟ್ಟಿದರೆ ಅಲಗು ಸ್ವಲ್ಪ ಮೇಲೇಳುತ್ತದೆ.

ಲೈನರ್ ಲಾಕ್ ಅಂದರೆ ಹಿಡಿಯ ಒಳಗೆ ಒಂದು ತೆಳು ಲೋಹದ ಪಟ್ಟಿ. ಅಲಗು ಪೂರ್ತಿ ತೆರೆದಾಗ ಪಟ್ಟಿ ಬಾಗಿ ಅಲಗಿನ ಬುಡಕ್ಕೆ ಒತ್ತು ಕೊಡುತ್ತದೆ. ಅದೇ ಕೆಲಸವನ್ನು ಹಿಡಿಯ ಒಂದು ಬದಿಯೇ ಮಾಡಿದರೆ ಫ್ರೇಮ್ ಲಾಕ್. ಎರಡರಲ್ಲೂ ಒಂದು ಎಚ್ಚರ. ಮುಚ್ಚುವಾಗ ಪಟ್ಟಿಯನ್ನು ಹೆಬ್ಬೆರಳಿನಿಂದ ಸರಿಸಬೇಕು, ಆ ಹೆಬ್ಬೆರಳು ಅಲಗು ಬರುವ ದಾರಿಯಲ್ಲೇ ಇರುತ್ತದೆ. ಅಲಗು ಸ್ವಲ್ಪ ಮಡಚಿದ ತಕ್ಷಣ ಬೆರಳು ತೆಗೆದು ಆಮೇಲೆ ಪೂರ್ತಿ ಮುಚ್ಚಿ. ಗಂಜ್‌ನ ತೊಗರಿ ದೂಳು, ಹೊಲದ ಎರೆಮಣ್ಣು ಪಟ್ಟಿಯ ಸಂದಿಗೆ ಸೇರಿದರೆ ಲಾಕ್ ಸರಿಯಾಗಿ ಕೂರುವುದಿಲ್ಲ. ಆಗಾಗ ತೊಳೆಯಬೇಕು. ಹಿಡಿಯ ಬೆನ್ನಲ್ಲಿ ಒತ್ತಿ ಬಿಡಿಸುವ ಬ್ಯಾಕ್ ಲಾಕ್‌ನಲ್ಲಿ ಬೆರಳಿಗೆ ಈ ಗಂಡಾಂತರ ಇಲ್ಲ, ಆದರೆ ಮುಚ್ಚಲು ಸಾಮಾನ್ಯವಾಗಿ ಎರಡೂ ಕೈ ಬೇಕು.

ತೆರೆಯುವ ರೀತಿಯನ್ನೂ ನೋಡಿ. ಹಳೆ ಬಗೆಯಲ್ಲಿ ಅಲಗಿನ ಮೇಲೆ ಉಗುರು ಸಿಕ್ಕಿಸುವ ಗೀರು ಇರುತ್ತದೆ, ಒದ್ದೆ ಕೈಗೆ ಅದು ಕಷ್ಟ. 1981ರಲ್ಲಿ ಅಮೆರಿಕದ ಸ್ಪೈಡರ್ಕೊ ಅಲಗಿಗೆ ಒಂದು ದುಂಡು ತೂತು ಕೊಟ್ಟು, ಹಿಡಿಗೆ ಪೆನ್ನಿನಂತೆ ಕ್ಲಿಪ್ಪು ಹಾಕಿತು. ಒಂದೇ ಕೈಯಲ್ಲಿ ತೆರೆಯುವುದು ಅಲ್ಲಿಂದ ಸಾಮಾನ್ಯವಾಯಿತು. ಒಂದು ಕೈಯಲ್ಲಿ ಚೀಲದ ಬಾಯಿ ಹಿಡಿದು ನಿಂತವನಿಗೆ ಇದರ ಬೆಲೆ ಗೊತ್ತು.

ಕಾನೂನು ಏನು ಹೇಳುತ್ತದೆ?

ಹಳೇ ಹಿಂದಿ ಸಿನಿಮಾಗಳ ರಾಂಪುರಿಯಿಂದ ಮಡಚುವ ಚಾಕುವಿಗೆ ಕೆಟ್ಟ ಹೆಸರು ಬಂದಿದೆ. ಹಾಗಾಗಿ ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ. 1959ರ ಆಯುಧ ಕಾಯ್ದೆ ಮತ್ತು 2016ರ ಆಯುಧ ನಿಯಮಗಳ ಪಟ್ಟಿಯಲ್ಲಿ ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಅಲಗುಗಳು. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆ ಕೆಲಸಕ್ಕೆಂದು ಮಾಡಿದವನ್ನು ಅಲ್ಲಿ ಹೊರಗಿಟ್ಟಿದ್ದಾರೆ. 7 ಸೆಂಟಿಮೀಟರ್ ಅಂದರೆ ಮೂರು ಇಂಚೂ ಇಲ್ಲ.

ಹಾಗಂತ ಎಲ್ಲೆಂದರಲ್ಲಿ ಒಯ್ಯಬಹುದು ಅಂತಲ್ಲ. ಚುನಾವಣೆ, ಗಲಾಟೆಯ ಹೊತ್ತಿನಲ್ಲಿ ನಿಷೇಧಾಜ್ಞೆ ಬಂದರೆ ಹರಿತವಾದ ಯಾವುದನ್ನೂ ಹಿಡಿದು ತಿರುಗಬಾರದು ಅಂತ ಆದೇಶದಲ್ಲಿ ಇರಬಹುದು. ಹಿಂದೆ 144ನೇ ಕಲಂ ಅನ್ನುತ್ತಿದ್ದೆವು, 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ ಅದು 163. ಅಂಥ ದಿನ ಮನೆಯಲ್ಲೇ ಬಿಡಿ. ಕೋರ್ಟು, ಪರೀಕ್ಷಾ ಕೇಂದ್ರದ ಕಡೆ ಹೋಗುವಾಗಲೂ ಅಷ್ಟೇ. ಬಟನ್ ಒತ್ತಿದರೆ ಚಟ್ ಅಂತ ಹಾರಿ ತೆರೆಯುವ ಬಗೆ ಬೇಡವೇ ಬೇಡ. ಅದನ್ನು ನೋಡಿದವರಿಗೆ ಉಳ್ಳಾಗಡ್ಡಿ ನೆನಪಾಗುವುದಿಲ್ಲ.

ವಿಮಾನದಲ್ಲಿ ಕೈಚೀಲಕ್ಕೆ, ಕಿಸೆಗೆ ಚಾಕು ಹಾಕುವಂತಿಲ್ಲ. ಲಗೇಜಿಗೆ ಕೊಡುವ ಪೆಟ್ಟಿಗೆಯಲ್ಲಿ ಇಡಬೇಕು. 2019ರ ನವೆಂಬರ್‌ನಲ್ಲಿ ಕಲಬುರಗಿಗೆ ವಿಮಾನ ಬಂದ ಮೇಲೆ ಈ ಮಾತು ನಮಗೂ ಬೇಕಾಗಿದೆ. ನನ್ನದೊಂದು ಒಳ್ಳೆ ಚಾಕು ಹೀಗೇ ಹೋಯಿತು. ಅಂಗಿ ಕಿಸೆಯಲ್ಲಿ ಇದ್ದದ್ದು ಮರೆತೇ ಹೋಗಿತ್ತು. ತಪಾಸಣೆಯವರು ಡಬ್ಬಿ ತೋರಿಸಿದರು, ಹಾಕಿ ಬಂದೆ. ಅಷ್ಟು ಹಗುರ ಇದ್ದದ್ದೇ ತಪ್ಪಾಯಿತು.

ಸಾಣೆ: ಶಹಾಬಾದ್ ಕಲ್ಲಿಗೆ ಉಜ್ಜಬೇಡಿ

ಎಂಥ ಉಕ್ಕಾದರೂ ಒಂದು ದಿನ ಮೊಂಡಾಗುತ್ತದೆ. ನಮ್ಮ ಕಡೆ ಮನೆಮನೆಯ ಹೊಸ್ತಿಲಲ್ಲಿ ಶಹಾಬಾದ್ ಕಲ್ಲು ಇರುವುದರಿಂದ ಅದಕ್ಕೇ ನಾಲ್ಕು ಸಲ ತಿಕ್ಕುವ ಅಭ್ಯಾಸ. ಅದು ಸುಣ್ಣದಕಲ್ಲು, ಗಟ್ಟಿಯಾದ ಉಕ್ಕಿಗಿಂತ ಮೆತ್ತಗೆ. ಚಾಕುವೇ ಕಲ್ಲನ್ನು ಗೀರುತ್ತದೆ. ಬೇರೇನೂ ಇಲ್ಲದಿದ್ದರೆ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ. ತಳದಲ್ಲಿ ಹೊಳಪಿಲ್ಲದ ಒರಟು ಬಳೆಯಂಥ ಅಂಚು ಇರುತ್ತದಲ್ಲ, ಅದು ಉಕ್ಕಿಗಿಂತ ಗಟ್ಟಿ. ಆದರೂ ಒಂದು ಬದಿ 400, ಇನ್ನೊಂದು ಬದಿ 1000 ನಂಬರಿನ ಸಾಣೆಕಲ್ಲು ಒಂದು ಇಟ್ಟುಕೊಳ್ಳುವುದು ಒಳ್ಳೆಯದು. ನಂಬರು ಜಾಸ್ತಿ ಆದಷ್ಟೂ ಕಲ್ಲು ನುಣುಪು.

ಕೋನ ಹಿಡಿಯುವುದೇ ಕಷ್ಟದ ಭಾಗ. ಅಲಗಿನ ಅಗಲ 2 ಸೆಂಟಿಮೀಟರ್ ಇದ್ದರೆ ಅದರ ಬೆನ್ನು ಕಲ್ಲಿನಿಂದ 6 ಮಿಲಿಮೀಟರ್ ಮೇಲಿರಲಿ. ಸುಮಾರು 17 ಡಿಗ್ರಿ ಆಗುತ್ತದೆ. ಒಂದು ರೂಪಾಯಿಯ ನಾಲ್ಕು ನಾಣ್ಯ ಪೇರಿಸಿದರೆ ಹೆಚ್ಚು ಕಡಿಮೆ ಅಷ್ಟೇ ಎತ್ತರ. ಒಂದು ಬದಿ ಉಜ್ಜುತ್ತಾ ಹೋದಂತೆ ಎದುರು ಬದಿಯಲ್ಲಿ ಬೆರಳಿಗೆ ತಾಗುವಂಥ ಸಣ್ಣ ಮುಳ್ಳು ಏಳುತ್ತದೆ. ಏಳದಿದ್ದರೆ ಇನ್ನೂ ಅಂಚಿನವರೆಗೆ ತಲುಪಿಲ್ಲ ಅಂತ ಅರ್ಥ. ಎದ್ದ ಮೇಲೆ ಬದಿ ಬದಲಿಸಿ, ಕೊನೆಗೆ ಹಗುರ ಕೈಯಲ್ಲಿ ಎರಡೂ ಬದಿ. ಹರಿತವಾಯಿತಾ ಅಂತ ಹೆಬ್ಬೆರಳಿಗೆ ಒತ್ತಿ ನೋಡಬೇಡಿ, ದಿನಪತ್ರಿಕೆಯ ಹಾಳೆ ಕೊಯ್ದು ನೋಡಿ.

ಸೈಕಲ್ ಚಕ್ರದ ಸಾಣೆಯವರಿಗೆ ಕುಡುಗೋಲು, ಕೊಡಲಿ ಕೊಡಿ. ಕಿಸೆ ಚಾಕು ಬೇಡ. ತೆಳು ಅಂಚು ಆ ಕಿಡಿಗೆ ಕಾದು ನೀಲಿ ಬಣ್ಣಕ್ಕೆ ತಿರುಗಿದರೆ ಹದ ಹೋಯಿತು ಅಂತಲೇ ಲೆಕ್ಕ.

ಅಲಗು ತಿರುಗುವ ಕೀಲಿಗೆ ಹೊಲಿಗೆ ಮಷೀನಿನ ಎಣ್ಣೆ ಒಂದೇ ಹನಿ. ಅಡುಗೆಮನೆಯ ಕುಸುಬಿ ಎಣ್ಣೆ ಬಿಟ್ಟರೆ ತಿಂಗಳೊಳಗೆ ಅಂಟಂಟಾಗುತ್ತದೆ. ಗಾಳಿಗೆ ಒಣಗಿ ಪೊರೆ ಕಟ್ಟುವುದು ಆ ಎಣ್ಣೆಯ ಗುಣ, ಬಣ್ಣ ತಯಾರಿಸಲು ಅದನ್ನು ಬಳಸುವುದೂ ಅದಕ್ಕೇ.

ಕೈಗೆ ಬಂದ ಮೇಲೆ

ಪಾರ್ಸೆಲ್ ಬಂದ ದಿನವೇ ಪರೀಕ್ಷೆ ಮಾಡಿ, ವಾಪಸ್ ಕೊಡುವ ಗಡುವು ಮುಗಿಯುವ ಮುಂಚೆ. ತೆರೆದ ಅಲಗನ್ನು ಬೆನ್ನಿನ ಕಡೆಯಿಂದ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ. ಗಡಗಡ ಅಂದರೆ ಬೇಡ. ಮುಚ್ಚಿದಾಗ ಮೊನೆ ಹೊರಗೆ ಇಣುಕುತ್ತಿದೆಯಾ ನೋಡಿ. ಇಣುಕಿದರೆ ಕಿಸೆ ಹರಿಯುತ್ತದೆ, ಆಮೇಲೆ ಬೆರಳು. ಹಿಡಿಯೊಳಗೆ ಅಲಗು ನಟ್ಟನಡುವೆ ಕೂತಿರಬೇಕು. ಲಾಕ್ ಹಾಕಿ, ಬೆರಳು ದೂರ ಇಟ್ಟು, ಅಲಗಿನ ಬೆನ್ನನ್ನು ಒಂದು ಪುಸ್ತಕಕ್ಕೆ ಮೆಲ್ಲಗೆ ತಟ್ಟಿ. ಮಡಚಿದರೆ ಅದು ಲಾಕೇ ಅಲ್ಲ.

ಅಳಿಯ ಕೊನೆಗೆ ಡಿ2 ಬಿಟ್ಟ. 7 ಸೆಂಟಿಮೀಟರ್ ಸ್ಟೇನ್‌ಲೆಸ್ ಅಲಗು, 2 ಮಿಲಿಮೀಟರ್ ಬೆನ್ನು, ನೈಲಾನ್ ಹಿಡಿ, 48 ಗ್ರಾಂ. ಒಂದು ವಾರ ಬಿಟ್ಟು ಅಂಗಡಿಗೆ ಹೋದೆ. ಮತ್ತೆ ಗಾಡಿಯ ಕೀಲಿಯಲ್ಲೇ ಟೇಪು ಹರಿಯುತ್ತಿದ್ದ.

"ಚಾಕು ಎಲ್ಲಿ?"

"ಅವ್ವ ತಗೊಂಡಾಳ್ರಿ ಮಾಮಾ. ಉಳ್ಳಾಗಡ್ಡಿ ಭಾರಿ ಸಣ್ಣಗ ಹೆಚ್ಚತದಂತ, ಕೊಡವಲ್ಳು. ಇನ್ನೊಂದು ತರಸ್ಲೇನ್ರಿ?"